ಹೆಣದ ಮುಂದಿನ ಹಲಗಿ

ಪೊಲೀಸ್ ಆಕ್ಷನ್ ಆದ ಮರುವರ್ಷ ಔರಾದ ಸೀಮೆಗೆ ಕಾಲರಾ ಬಂತು. ಹೆಣದ ಮುಂದೆ ಬಡಿಯುವ ಹಲಗಿ ಕೇಳಿದರೆ ಸಾಕು, ಜನ ಗಂಟುಮೂಟೆ ಕಟ್ಟಿ ಪಕ್ಕದೂರಿಗೆ ಓಡೋರು. ರೋಗವೂ ಜೊತೆಗೇ ಹೋಗೋದು. ಅದಕ್ಕೆ ಭಾಲ್ಕಿ, ಔರಾದಿನ ಬಾಜಾದವರೆಲ್ಲ ಕೂತು ಒಂದು ಮಾತಿಗೆ ಬಂದೆವು. ಬ್ಯಾನಿ ಹೋಗೋತನಕ ಯಾವ ಹೆಣದ ಮುಂದೂ ಹಲಗಿ ಬಡಿಯಬಾರದು. ಊರೂರಿಗೆ ಬಂದು ಕಾಲರಾ ಸೂಜಿ ಹಾಕುವ ಸರ್ಕಾರದವರ ಮುಂದೆ ಮದುವಿ ಬಾಜಾ ನುಡಿಸಿ ಜನರನ್ನು ಹೊರಗೆ ಕರೀಬೇಕು.

ನಾನು ಸನಾಯಿ ಊದುತ್ತಿದ್ದೆ. ಊರೂರಿಗೂ ಬೀಗರನ್ನು ಎದುರುಗೊಳ್ಳುವ ಅದೇ ಧಾಟಿ ಊದಿ ಊದಿ ತುಟಿ ಒಡೆದವು. ಮದುವಿ ಊಟವೆಂದು ಬಂದವರು ಸೂಜಿ ಕಂಡು ನಮ್ಮನ್ನೇ ಬೈದರು. ನಾವು ಬಾಜಾ ಹೊತ್ತು ಮುಂದಿನ ಊರಿಗೆ ನಡೆದೆವು.

ಒಂದು ಮುಂಜಾನೆ ನಮ್ಮ ಹಲಗಿಯವನ ತಾಯಿಯೇ ತೀರಿಕೊಂಡಳು.

“ಅಣ್ಣಾ, ಅವ್ವನ ಮುಂದರೆ ಬಡೀರಿ. ಯಾರೂ ಏನೂ ಅನ್ನಂಗಿಲ್ಲ” ಅಂದೆ.

“ಮಂದಿ ಅವ್ವಗೋಳಿಗೆ ಬ್ಯಾಡಂದು ನಮ್ಮವ್ವಗ ಹ್ಯಾಂಗ ಬಡೀಲರಿ?” ಅಂದ. ಹಲಗಿಯನ್ನು ಕಂಕುಳಲ್ಲಿಟ್ಟುಕೊಂಡು ಹೆಣದ ಮುಂದೆ ಸುಮ್ಮನೆ ನಡೆದ.

ಮಧ್ಯಾಹ್ನ ಕಮಲನಗರದಲ್ಲಿ ಸೂಜಿಯವರು ಕಾಯುತ್ತಿದ್ದರು. ನಾನು ಬೀಗರ ಧಾಟಿ ಎತ್ತಿದೆ. ಅವ್ವನಿಗೆ ಮಣ್ಣು ಕೊಟ್ಟ ಕೈಯಲ್ಲೇ ಅವನು ಮದುವಿ ಬಡಿತ ಶುರು ಮಾಡಿದ. ಒಂದೊಂದು ಪೆಟ್ಟಿಗೂ ಬೆರಳಸಂದಿಯ ಮಣ್ಣು ಹಲಗಿಯ ಮೇಲೆ ಉದುರುತ್ತಿತ್ತು.