ಅವ್ವನ ಕುರ್ಚಿಯ ಮುಂದೆ ನಿಂತ ಕುದುರೆ

ಯಾವ ಪ್ರಾಣಿಯೂ ಪುಕ್ಕಟೆ ತಿಂದುಕೊಂಡು ಬಿದ್ದಿರುವುದನ್ನು ನನ್ನ ಅವ್ವ ಶಿವನಂಜಮ್ಮ ಸಹಿಸುವುದಿಲ್ಲ. ಆ ಲೆಕ್ಕದಲ್ಲಿ ನಾನೂ ಸೇರಿದ್ದೇನೆ. ಹಸು ಹಾಲು ಕೊಡಬೇಕು, ಎತ್ತು ಉಳಬೇಕು, ಮಗ ಸಿದ್ದೇಶ ಕಬ್ಬಿಗೆ ನೀರು ಕಟ್ಟಬೇಕು, ನಾಯಿ ಕೊನೇಪಕ್ಷ ಬೊಗಳಬೇಕು. ಇಂಥವಳ ಕೊಟ್ಟಿಗೆಗೆ ನನ್ನ ಹೆಂಡತಿ ಶಶಿರೇಖಾ ಒಂದು ಕುದುರೆ ತಂದು ಕಟ್ಟಿದಳು.

ಶಶಿ ಮದ್ದೂರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಕಾಲೇಜಿನಲ್ಲಿ ಎನ್‌ಸಿಸಿಯ ಕುದುರೆ ದಳದಲ್ಲಿದ್ದವಳು. ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ಅವಳಿಗೆ ಸವಾರಿಗೆ ಸಿಕ್ಕಿದ್ದು ನನ್ನ ಸ್ಕೂಟರಿನ ಹಿಂದಿನ ಸೀಟು ಮಾತ್ರ. ರೇಸಿನಲ್ಲಿ ಸೋತು, ಮುಂಗಾಲಿಗೆ ಪೆಟ್ಟು ಮಾಡಿಕೊಂಡ ಒಂದು ಕುದುರೆ ಯಾರಿಗೂ ಬೇಡವಾಗಿದೆ ಎಂದು ಗೊತ್ತಾದದ್ದೇ ತಡ, ಟೆಂಪೊದಲ್ಲಿ ಹೇರಿಸಿಕೊಂಡು ಬಂದುಬಿಟ್ಟಳು. ಚೆಲುವ ಎಂದು ಹೆಸರಿಟ್ಟಳು. ಆ ಉದ್ದ ಮೂತಿಯಲ್ಲಿ ಅವಳಿಗೆ ಯಾವ ಚೆಲುವು ಕಂಡಿತೋ ನನಗಂತೂ ತಿಳಿಯದು.

ಅವಳು ಅದಕ್ಕೆ ಕಲಿಸಲು ಹೊರಟದ್ದು ಡ್ರೆಸಾಜ್. ಓಡುವುದಲ್ಲ, ಹಾರುವುದೂ ಅಲ್ಲ. ನಾಲ್ಕು ಮೂಲೆಯ ಅಂಗಳದಲ್ಲಿ ಹೇಳಿದಷ್ಟೇ ನಡೆಯಬೇಕು, ಹೇಳಿದಲ್ಲಿ ತಿರುಗಬೇಕು, ಹೇಳಿದಲ್ಲಿ ನಿಲ್ಲಬೇಕು. ಹೇಳಿದ್ದು ಮಾತ್ರ ನೋಡುವವರಿಗೆ ಗೊತ್ತಾಗಬಾರದು.

ಅವ್ವ ಸೊಂಟಕ್ಕೆ ಕೈಯಿಟ್ಟು ಕೇಳಿಸಿಕೊಂಡಳು. "ಓರಿಗೆ ಉಳೋದು ಕಲ್ಸೋದ ಕಂಡಿವ್ನಿ. ಕುದ್ರೆಗೆ ನಡೆಯೋದು ಕಲ್ಸೋದ ಇವತ್ತೇ ಕೇಳಿದ್ದು. ಉಟ್ಟಿದ್ ದಿನ್ದಿಂದ ನಡೀತದಲ್ಲವ್ವ ಅದು!"

ಕೊನೆಗೆ ಒಂದು ಷರತ್ತು ಹಾಕಿದಳು. ಸಂಕ್ರಾಂತಿಗೆ ಮುಂಚಿನ ಭಾನುವಾರ ಮೈಸೂರಿನಲ್ಲಿ ಸ್ಪರ್ಧೆ ಇತ್ತು. ಅಲ್ಲಿ ಏನಾದರೂ ಬಹುಮಾನ ಬಂದರೆ ಕುದುರೆ ಮನೆಯಲ್ಲಿ ಉಳಿಯಬಹುದು. ಬರದಿದ್ದರೆ ಬೆಳಕವಾಡಿಯ ಮರಿಸಿದ್ದಯ್ಯನ ಪಾಲು. ಅವನು ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವನು. ಆಗಲೇ ಬಂದು ಚೆಲುವನ ಬಾಯಿ ಬಿಡಿಸಿ ಹಲ್ಲು ನೋಡಿ ಹೋಗಿದ್ದ. ಟಾರು ರಸ್ತೆ, ತಮಟೆ, ಪಟಾಕಿ. ಆ ಕಾಲಿಟ್ಟುಕೊಂಡು ಚೆಲುವ ಒಂದು ವರ್ಷ ಬದುಕುವುದಿಲ್ಲ ಎಂದು ಶಶಿ ಅತ್ತಳು. ಅವ್ವ ಜಪ್ಪಯ್ಯ ಅನ್ನಲಿಲ್ಲ.

ಕಲಿಸಲು ನಮಗೆ ಸಿಕ್ಕಿದ್ದು ಚಳಿಗಾಲ ಒಂದೇ. ಭತ್ತ ಕುಯ್ದ ಗದ್ದೆ ಒಣಗಿ ಖಾಲಿ ಬೀಳುವುದೇ ಆಗ. ನಾಲೆಗೆ ನೀರು ಬಿಟ್ಟರೆ ಮತ್ತೆ ಕೆಸರು. ಕೂಳೆ ಕಿತ್ತು, ನೆಲ ತಟ್ಟಿ, ತಿರುಗುವ, ನಿಲ್ಲುವ ಜಾಗಗಳ ಗುರುತಿಗೆ ಗೊಬ್ಬರದ ಚೀಲದ ಮೇಲೆ ಅಕ್ಷರ ಬರೆದು ಗೂಟಗಳಿಗೆ ಕಟ್ಟಿದೆವು. ಪಾಠ ಹೇಳಲು ಭಾನುವಾರ ಭಾನುವಾರ ಮಂಡ್ಯದಿಂದ ಜಯಪ್ರಕಾಶ್ ಬರುತ್ತಿದ್ದರು. ಕುದುರೆ ಪೊಲೀಸಿನಲ್ಲಿದ್ದು ನಿವೃತ್ತರಾದವರು. ಕುದುರೆಗೆ ಬಹುವಚನ, ಸವಾರರಿಗೆ ಏಕವಚನ. "ಸಾಹೇಬ್ರು ಸರಿಯಾಗೇ ತಿರುಗ್ತಾವ್ರೆ. ನೀನ್ಯಾಕಮ್ಮ ಮೂಟೆ ತರ ಕೂತಿದ್ದೀಯ?" ಎನ್ನುತ್ತಿದ್ದರು. ತೀರ್ಪುಗಾರರು ಕೂರುವ ಕಡೆ, ಬದುವಿನ ಮೇಲೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಕೆಲಸದ ನಡುವೆ ಕುದುರೆಗೆ ಏನೂ ತಿನ್ನಿಸಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು.

ಮೊದಲ ಎರಡು ವಾರ ಶಶಿಯ ಹುರುಪೋ ಹುರುಪು. ಆಮೇಲೆ ಧನುರ್ಮಾಸದ ಚಳಿ ಹಿಡಿಯಿತು. ಕಬ್ಬಿನ ಗದ್ದೆ ಮಂಜಿನಲ್ಲಿ ಮುಳುಗಿ, ಕೊಟ್ಟಿಗೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಅಲಾರಂ ಹೊಡೆದರೆ ಶಶಿ ಅದರ ಕತ್ತು ಹಿಸುಕಿ ಕಂಬಳಿ ಎಳೆದುಕೊಳ್ಳುತ್ತಿದ್ದಳು. "ನಾಳೆಯಿಂದ ರೀ," ಎನ್ನುತ್ತಿದ್ದಳು. ನನಗೂ ಅದೇ ಬೇಕಾಗಿತ್ತು. ಅವಳು ಎದ್ದರೆ ಕಂಬಳಿಯೊಳಗೆ ಗಾಳಿ ನುಗ್ಗುತ್ತಿತ್ತು.

ಅವಳನ್ನು ಎಬ್ಬಿಸಿದ್ದು ಅವ್ವ. ಕುದುರೆ ಮೇಲಿನ ಪ್ರೀತಿಗಲ್ಲ. ಧನುರ್ಮಾಸದ ಪೂಜೆಗೆ ಅವ್ವ ನಸುಕಿಗೇ ತಣ್ಣೀರು ಸುರಿದುಕೊಂಡು ದೇವಸ್ಥಾನಕ್ಕೆ ಹೋಗಬೇಕು, ದಾರಿಯಲ್ಲಿ ನಾಯಿಗಳ ಕಾಟ, ಜೊತೆಗೊಬ್ಬರು ಬೇಕು. "ಏಳವ್ವ ಶಶಿ, ನಿನ್ ಗಂಡ ಬುಡು, ಅವ್ನು ಕೆಲ್ಸಕ್ಕೆ ಬರಾಕಿಲ್ಲ," ಎಂದು ಬಾಗಿಲು ಬಡಿಯುತ್ತಿದ್ದಳು. ಅತ್ತೆಯನ್ನು ಗುಡಿಯ ತನಕ ಬಿಟ್ಟು ಬರುವಷ್ಟರಲ್ಲಿ ಶಶಿಯ ನಿದ್ದೆ ಹಾರಿರುತ್ತಿತ್ತು. ಎದ್ದಾಯಿತಲ್ಲ ಎಂದು ಕುದುರೆ ಬಿಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಪಂಪಿಗೆ ಕರೆಂಟು ಬಂತೆಂದು ಗದ್ದೆ ಕಡೆ ಹೋದವನು ನೋಡುತ್ತೇನೆ, ಅವ್ವ ತೀರ್ಪುಗಾರರ ಕುರ್ಚಿಯಲ್ಲಿ ಜಮಾಯಿಸಿದ್ದಾಳೆ. ಗುಡಿಯಿಂದ ಮರಳುವಾಗ ಮಂಡಿ ನೋವಿಗೆ ಅಲ್ಲಿ ಕೂರುವುದು ರೂಢಿಯಾಗಿತ್ತಂತೆ. ಪ್ರಸಾದ ಹಂಚಿ ಗುಡಿಯ ಬಾಗಿಲು ಹಾಕುವಾಗಿನ ಗಂಟೆ ಕೇಳಿದ್ದೇ ಚೆಲುವ ಕಿವಿ ನಿಮಿರಿಸಿ, ಗೆರೆ ಎಳೆದ ಹಾಗೆ ನಟ್ಟನಡುವೆ ನಡೆದು ಬಂದು, ಅವ್ವನ ಮುಂದೆ ನಾಲ್ಕೂ ಕಾಲು ಜೋಡಿಸಿ ನಿಂತ.

"ಬಂದ್ಯಾ ದರಿದ್ರದೋನೆ? ತಿನ್ನು. ನಿನ್ ವಟ್ಟೆ ಸೇದೋಗ," ಎನ್ನುತ್ತ ಅವ್ವ ದೊನ್ನೆಯಲ್ಲಿದ್ದ ಸಿಹಿ ಹುಗ್ಗಿಯನ್ನು ಅವನ ಬಾಯಿಗಿಟ್ಟಳು. ತನ್ನ ಪಾಲಿನ ಪ್ರಸಾದ ಅದು. ನನಗೆ ಹುಟ್ಟಿದಾಗಿನಿಂದ ಒಂದು ದಿನವೂ ಅವಳು ತನ್ನ ದೊನ್ನೆ ಕೊಟ್ಟವಳಲ್ಲ. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಶಶಿ ಕುದುರೆ ಮೇಲಿನಿಂದಲೇ ತುಟಿಗೆ ಬೆರಳಿಟ್ಟಳು. ಅತ್ತೆಯ ಮನಸ್ಸು ಕರಗುತ್ತಿದೆ, ಮೇಷ್ಟ್ರಿಗೆ ಹೇಳಿ ಕೆಡಿಸಬೇಡಿ ಎಂದು ಆಮೇಲೆ ಹೇಳಿದಳು. ಭಾನುವಾರ ಜಯಪ್ರಕಾಶ್ ಬರುವಷ್ಟರಲ್ಲಿ ಚೆಲುವನ ಹುಗ್ಗಿ ಮುಗಿದಿರುತ್ತಿತ್ತು. ಅವರ ಮುಂದೆಯೂ ಅವನು ಹಾಗೇ ನಿಲ್ಲುತ್ತಿದ್ದ. "ನೋಡಿದ್ರಾ? ಪೊಲೀಸ್ನೋರು ಅಂದ್ರೆ ಸಾಹೇಬ್ರಿಗೂ ಗೌರವ," ಎಂದು ಅವರು ಮೀಸೆ ತಿರುವುತ್ತಿದ್ದರು.

ಸ್ಪರ್ಧೆಯ ದಿನ ಅವ್ವ ಪೂಜೆ ಬಿಟ್ಟು, ರೇಷ್ಮೆ ಸೀರೆ ಉಟ್ಟು ಮೈಸೂರಿಗೆ ಬಂದಳು. ಶುರು ಮಾಡಬಹುದು ಎನ್ನಲು ತೀರ್ಪುಗಾರರು ಗಂಟೆ ಬಾರಿಸಿದರು. ಚೆಲುವನ ಕಿವಿ ನಿಮಿರಿದವು. ನೇರ ನಡೆದು ಬಂದ. ಅಂಗಳದ ಮಧ್ಯೆ ನಿಂತು ನಮಸ್ಕಾರ ಮಾಡಬೇಕಿತ್ತು, ಅದನ್ನೂ ದಾಟಿ ಹೋಗಿ ತೀರ್ಪುಗಾರರ ಮೇಜಿನ ಮುಂದೆ ಕಾಲು ಜೋಡಿಸಿ ನಿಂತ. ಎಷ್ಟು ಚೆಂದ ನಿಂತನೆಂದರೆ ಒಬ್ಬರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಆದರೆ ಅಲ್ಲಿಂದ ಕದಲಲಿಲ್ಲ. ಶಶಿ ಹಿಮ್ಮಡಿ ಒತ್ತಿದಳು, ಬೇಡಿಕೊಂಡಳು. ಅವನು ಕತ್ತು ಚಾಚಿ ತೀರ್ಪುಗಾರರ ಕೋಟಿನ ಜೇಬು ಮೂಸಿದ.

ನನ್ನ ಪಕ್ಕದಲ್ಲಿದ್ದ ಅವ್ವ ಎದ್ದು ನಿಂತಳು. "ಇವತ್ತು ಉಗ್ಗಿ ಇಲ್ಲ ಕಣ್ಲಾ! ನಡೀಲಾ ಮುಂದಕ್ಕೆ!"

ದನಿ ಕೇಳಿದ ಚೆಲುವ ತಿರುಗಿದ. ಅಂಗಳದ ಸುತ್ತ ಇದ್ದ ಮೊಣಕಾಲೆತ್ತರದ ಬಿಳಿ ಬೇಲಿಯನ್ನು ಸಲೀಸಾಗಿ ದಾಟಿ, ಜನರ ನಡುವೆ ಬಂದು, ಅವ್ವನ ರೇಷ್ಮೆ ಸೆರಗಿಗೆ ಮೂತಿ ಒರೆಸಿ ನಿಂತ. ಮತ್ತೆ ಗಂಟೆ ಹೊಡೆಯಿತು. ಅದು ಸ್ಪರ್ಧೆಯಿಂದ ಹೊರಗೆ ಹಾಕಿದ ಗಂಟೆ. ಜಯಪ್ರಕಾಶ್ ಟೋಪಿಯಿಂದ ಮುಖ ಮುಚ್ಚಿಕೊಂಡರು. ಊರಿಗೆ ಮರಳುವ ದಾರಿಯುದ್ದಕ್ಕೂ ಅವ್ವ ಸೆರಗಿನ ಮೇಲಿನ ಜೊಲ್ಲು ಉಜ್ಜುತ್ತಲೇ ಇದ್ದಳು. ಅವಳು ಕುದುರೆಗೆ ಒಂದು ಬೈಗುಳವನ್ನೂ ಬಯ್ಯದ್ದು ನೋಡಿ ನನಗೆ ಹೆದರಿಕೆಯಾಯಿತು.

ಸಂಕ್ರಾಂತಿಯ ಮಾರನೇ ದಿನ ಮರಿಸಿದ್ದಯ್ಯ ಟೆಂಪೊ ತಂದ. ಶಶಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಎದ್ದೇಳಕ್ಕ, ಕುದ್ರೆ ಬುಡು. ಪರೀಕ್ಷೇಲಿ ಫೇಲಾಯ್ತಂತಲ್ಲ? ನೀನೇ ಆಡಿದ್ ಮಾತು," ಎಂದ ಮರಿಸಿದ್ದಯ್ಯ.

ಅವ್ವ ತಲೆ ಎತ್ತಲಿಲ್ಲ. "ಫೇಲಾದೋಳು ನಾನು ಕಣಪ್ಪ. ಅದುಕ್ ನಾನೇನ್ ಕಲ್ಸಿದ್ನೋ ಅದ್ನ ಸರ್ಯಾಗೇ ಮಾಡ್ತು. ಓಗು, ಟೆಂಪೊ ಬಾಗ್ಲು ತಗಿ. ನಾನ್ ಅತ್ತುತೀನಿ."

ಮರಿಸಿದ್ದಯ್ಯ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ.

ಮಾರನೇ ದಿನ ನಸುಕಿಗೆ ನಮ್ಮ ಬಾಗಿಲು ದಡದಡ ಎಂದಿತು. ಧನುರ್ಮಾಸ ಮುಗಿದಿತ್ತು, ಗುಡಿಯಲ್ಲಿ ಪೂಜೆ ಇಲ್ಲ, ಹುಗ್ಗಿಯೂ ಇಲ್ಲ.

"ಏಳವ್ವ ಶಶಿ. ನಾಲೆಗೆ ಇನ್ನೂ ನೀರು ಬುಟ್ಟಿಲ್ಲ. ಕುರ್ಚಿ ಎಲ್ಲಿ ಆಕಿದ್ರೆ ಅದು ನಡುಮದ್ಯಕ್ಕೆ ನಿಲ್ತದೆ ಯೋಳು, ಅಲ್ಲೇ ಕೂತ್ಕತೀನಿ."