ಟೋಪಿ ಅಕ್ಕನಿಗೆ ಸನ್ಮಾನ

ನನ್ನ ಹಿರಿ ಓರಗಿತ್ತಿಯನ್ನು ಬೀದಿಯವರೆಲ್ಲ ಟೋಪಿ ಅಕ್ಕ ಎನ್ನುತ್ತಾರೆ. ಯಾರಿಗೂ ಟೋಪಿ ಹಾಕಿದವಳಲ್ಲ, ಪಾಪ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಉಣ್ಣೆಯ ಟೋಪಿ ಹೆಣೆಯುತ್ತಾಳೆ. ಮೊದಲು ನಮ್ಮ ಊರಿನ ಆಸ್ಪತ್ರೆಗೆ ಮಾತ್ರ ಕೊಡುತ್ತಿದ್ದಳು, ಆಮೇಲೆ ಗಡಿಯಾಚೆಯ ದೇಶಕ್ಕೂ. ಅವಳ ತಂಗಿಯನ್ನು ಕೊಟ್ಟಿರುವುದು ಆ ದೇಶಕ್ಕೆ. ಇವಳು ಫೋನಿನಲ್ಲಿ ಎಷ್ಟು ಕುಣಿಕೆ ಹಾಕಬೇಕೆಂದು ಹೇಳುವುದು, ತಂಗಿ ಅಲ್ಲಿನ ಹೆಂಗಸರನ್ನು ಕೂರಿಸಿಕೊಂಡು ಹೆಣೆಸುವುದು. ಎರಡು ದೇಶಗಳು ಮುಖ ಗಂಟಿಕ್ಕಿಕೊಂಡ ಮೇಲೂ ಇದು ನಿಲ್ಲಲಿಲ್ಲ.

ಹೋದ ಚಳಿಗಾಲ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಮನೆಗೆ ಬಂದರು. ಹೊರದೇಶದವರೊಂದಿಗೆ ಸ್ನೇಹ ಬೆಳೆಸಿದ ಸಾಮಾನ್ಯರಿಗೂ ಸಂಘಗಳಿಗೂ ಸರ್ಕಾರ ಸನ್ಮಾನ ಮಾಡುತ್ತದಂತೆ. ನಾನಂತೂ ಹಿರಿಹಿರಿ ಹಿಗ್ಗಿದೆ. ಅವರು ಬಿನ್ನವತ್ತಳೆಯ ಕರಡು ಓದಿದರು: 'ಗಡಿಯಾಚೆಗೂ ಜಾಲ ಹೆಣೆದ ಮಹಿಳೆ...'

ಹೆಣೆಯುತ್ತಿದ್ದ ಅಕ್ಕನ ಕೈಯ ಕಡ್ಡಿ ನಿಂತಿತು.

"ಸಾರ್, ಆ ಜಾಲ ಅನ್ನೋದನ್ನ ತೆಗೆದ್ಬಿಡಿ."

"ಯಾಕಮ್ಮಾ? ಸ್ನೇಹದ ಜಾಲ. ಹೆಣಿಗೆಗೆ ಹೊಂದತ್ತಲ್ಲ!"

"ಅಲ್ಲೂ ಇದೇ ಭಾಷೆ ಸಾರ್. ಪೊಲೀಸ್ನೋರ ಬಾಯಲ್ಲಿ ಜಾಲ ಅಂದ್ರೆ ಗೂಢಚಾರರದ್ದೇ. ನನ್ನ ತಂಗಿ ಅಲ್ಲಿದಾಳೆ."

ಅಧಿಕಾರಿ ನಕ್ಕು ಆ ಪದ ಹೊಡೆದುಹಾಕಿದರು. ಅಕ್ಕನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ.

"ಸನ್ಮಾನಾನೇ ಬೇಡ ಅಂದ್ಬಿಡ್ಲೇನೇ?" ಎಂದು ಅವರು ಹೋದ ಮೇಲೆ ನನ್ನನ್ನು ಕೇಳಿದಳು.

"ಯಾಕೆ ಬೇಡ ಅಂದ್ಲು ಅಂತ ಇಲ್ಲಿನೋರು ಕೆದಕ್ತಾರೆ ಅಕ್ಕ."

ಕೊನೆಗೆ ಅಕ್ಕ ಒಪ್ಪಿಕೊಂಡಳು.

ಸಭೆಯ ದಿನ ಟೀವಿಯವರು ಸಾಲಾಗಿ ಕ್ಯಾಮೆರಾ ನಿಲ್ಲಿಸಿದ್ದರು. ಬಿನ್ನವತ್ತಳೆಯಲ್ಲಿ ಆ ಪದ ಇರಲಿಲ್ಲ. ಅಬ್ಬಾ ಎಂದುಕೊಳ್ಳುವಷ್ಟರಲ್ಲಿ ಮಂತ್ರಿಗಳಿಗೆ ಹುಮ್ಮಸ್ಸು ಬಂತು. ಮೈಕು ಹಿಡಿದು, "ಈ ತಾಯಿ ಆ ದೇಶದ ಮನೆಮನೆಯಲ್ಲೂ ನಮ್ಮ ಜಾಲ ಹಬ್ಬಿಸಿದ್ದಾರೆ!" ಎಂದು ಅರಚಿದರು. ಜನ ಚಪ್ಪಾಳೆ ತಟ್ಟಿದರು, ಅವರ ಕೈ ಮುರಿಯಬೇಕೆನಿಸಿತು.

ಅಕ್ಕ ಮೈಕಿನ ಹತ್ತಿರ ಹೋದಳು.

"ಆ ಕಡೆ ನನಗ್ಯಾರೂ ಇಲ್ಲ. ಟೋಪಿ ಎಲ್ಲಾ ನಾನೊಬ್ಬಳೇ ಹೆಣೆದದ್ದು."

"ಏನು ಜಂಬ ನೋಡಿ," ಎಂದಳು ನನ್ನ ಪಕ್ಕ ಕೂತಿದ್ದವಳು.

ಆ ವಾರ ತಂಗಿಯ ಫೋನ್ ಬರಲಿಲ್ಲ. ಮುಂದಿನ ವಾರವೂ ಇಲ್ಲ. ತಡೆಯಲಾರದೆ ಅಕ್ಕನೇ ಮಾಡಿದಳು. ನಾನು ಫೋನಿಗೆ ಕಿವಿ ಹಚ್ಚಿ ನಿಂತೆ.

"ಹಲೋ, ನೀವು ಯಾರಮ್ಮಾ?"

ದನಿ ತಂಗಿಯದೇ. ಹುಟ್ಟಿದಾಗಿನಿಂದ ಅಕ್ಕನನ್ನು 'ನೀನು' ಅಂದವಳು ಅವಳು. ಹಿಂದೆ ಗಂಡಸೊಬ್ಬ ಕೆಮ್ಮಿದ. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಗಂಡಸರೇ ಇಲ್ಲ.

"ಯಾರು ಬೇಕಿತ್ತು ನಿಮಗೆ?" ತಂಗಿಯ ದನಿ ಒಡೆಯಿತು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಪರಿಚಿತಳಂತೆ, "ಕ್ಷಮಿಸಿ ಕಣಮ್ಮಾ, ರಾಂಗ್ ನಂಬರ್," ಎಂದು ಫೋನ್ ಇಟ್ಟಳು.

ಆ ನಂಬರಿಗೆ ನಾವು ಮತ್ತೆ ಫೋನ್ ಮಾಡಿಲ್ಲ.