ದೀಪದ ಹೊತ್ತಿನಲ್ಲಿ ಆರಿಸದ ಪೆಟ್ಟಿಗೆ

ನಾನು ಓದಿದ್ದು ನಾಲ್ಕನೆಯ ಕ್ಲಾಸು. ಎರಡು ಸಾಲು ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ. ಆದರೂ ಬರೆಯದೆ ಇರಲಾರೆ, ಸಂತೋಷ ಹಾಗೆ ಉಕ್ಕುತ್ತಿದೆ.

ಮಗಳ ಮಗಳಿಗೆ ಪಟ್ಟಣದ ಆ ತುದಿಯ ಶೋಳಿಂಗನಲ್ಲೂರಿನಲ್ಲಿ ಕೆಲಸ. ಆಫೀಸಿನ ಒಂದು ಕಂಪ್ಯೂಟರ್ ಪೆಟ್ಟಿಗೆಯನ್ನು ಪೆರಂಬೂರಿನ ನಮ್ಮ ಮನೆಗೇ ತಂದಿಟ್ಟುಕೊಂಡಿದ್ದಳು. ಅದರೊಳಗಿನ ಮೆಮೊರಿಗೆ ಒಂದು ಬೀಗವಂತೆ. ಒಮ್ಮೆ ಬಿಗಿದರೆ ಕರೆಂಟು ಪೂರ್ತಿ ಹೋಗುವ ತನಕ ಅದು ಸಡಿಲಾಗುವುದಿಲ್ಲ, ಪಾಸ್‌ವರ್ಡ್ ಹಾಕಿದರೂ ತಗೊಳ್ಳುವುದಿಲ್ಲ. ಬೀಗ ಹೇಗಿದೆ ಎಂದು ಹೇಳಬೇಕಾದ ಡ್ರೈವರ್ ಎಂಬ ಪ್ರೋಗ್ರಾಂ ಬರಹ ಮಾತ್ರ ಒಮ್ಮೊಮ್ಮೆ, ಬಿಗಿದಿದ್ದರೂ ಸಡಿಲಾಗಿದೆ ಎಂದು ಸುಳ್ಳು ಹೇಳುತ್ತಿತ್ತು. ಯಾವಾಗ ಹೇಳುತ್ತದೆಂದು ಗೊತ್ತಾಗುತ್ತಿರಲಿಲ್ಲ. ಅವಳು ಕಳಿಸಿದ ತಿದ್ದುಪಡಿ ಆಫೀಸಿನಿಂದ ಎರಡು ಸಲ ವಾಪಸು ಬಂತು, ಮೊದಲು ತಪ್ಪನ್ನು ತೋರಿಸು ಎಂದು. ಆ ವಾರ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು.

ಪ್ರತಿ ಪರೀಕ್ಷೆಗೂ ಗೋಡೆಯ ಸ್ವಿಚ್ ಆರಿಸಿ, ನೂರು ಎಣಿಸಿ, ಮತ್ತೆ ಹಾಕಬೇಕೆಂದು ಆಫೀಸಿನ ನಿಯಮ. ಆ ಏಳುವ ಕೂರುವ ಕೆಲಸ ನನ್ನದು. ಮೊಣಕಾಲು ಸೋತಿತ್ತು, ಅವಳ ಕಣ್ಣು ಗುಳಿ ಬಿದ್ದಿತ್ತು. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಬೈಯಲೂ ನನಗೆ ತ್ರಾಣವಿರಲಿಲ್ಲ.

ಗುರುವಾರ ಸಂಜೆ, ನಾನು ದೇವರಿಗೆ ದೀಪ ಹಚ್ಚಿ ಬಂದಾಗ, ಇನ್ನೊಂದು ಸಲ ಎಂದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು.

"ಅಮ್ಮಮ್ಮ, ನಿಜ ಸೊಲ್ಲು. ಸ್ವಿಚ್ ಆರಿಸಿದ್ಯಾ, ಇಲ್ವಾ?"

"ದೀಪ ಹಚ್ಚಿದ ಹೊತ್ತಿಗೆ ಉರಿಯುವುದನ್ನು ಯಾರಾದ್ರೂ ಆರಿಸ್ತಾರಾ ಮಾರಾಯ್ತಿ? ಲಕ್ಷ್ಮಿ ಬರುವ ಹೊತ್ತು. ಪೆಟ್ಟಿಗೆ ಎದುರಿನ ಸಣ್ಣ ಗುಂಡಿ ಒತ್ತಿದೆ. ಎದ್ದಿತಲ್ಲ, ಮತ್ತೆಂತ?"

"ಲಕ್ಷ್ಮಿ ಬಂದ್ಲೋ ಇಲ್ವೋ, ಬಗ್ ಬಂತು! ಸಡಿಲು ಅಂತ ತೋರಿಸ್ತಿದೆ, ಪಾಸ್‌ವರ್ಡ್ ಹಾಕಿದ್ರೆ ತಗೊಳ್ತಾ ಇಲ್ಲ, ಅಂದ್ರೆ ಬಿಗಿದೇ ಇದೆ. ಇನ್ನೊಮ್ಮೆ ಒತ್ತು."

ಒತ್ತಿದೆ. ಅದೇ ಸುಳ್ಳು. ಹತ್ತು ಸಲ ಒತ್ತಿದರೂ ಅದೇ. ಗುಂಡಿ ಒತ್ತಿದರೆ ಪೆಟ್ಟಿಗೆ ಮರಳಿ ಏಳುತ್ತದೆ, ಕರೆಂಟು ಹೋಗಿರುವುದಿಲ್ಲ, ಬೀಗ ಬಿಗಿದೇ ಇರುತ್ತದೆ. ಡ್ರೈವರ್ ಮಾತ್ರ ಬೀಗವನ್ನು ಕೇಳದೆ, ಸಡಿಲಿರಬೇಕು ಎಂದುಕೊಳ್ಳುತ್ತಿತ್ತು. ನಿಯಮದಂತೆ ಆರಿಸುತ್ತಿದ್ದ ನಮಗೆ ಅದು ಸಿಗುವುದೆಲ್ಲಿಂದ! ಪ್ರತಿ ಸಲವೂ ಬೀಗವನ್ನೇ ಕೇಳುವಂತೆ ಅವಳು ತಿದ್ದಿದಳು. ಆಮೇಲೆ ಗುಂಡಿ ಒತ್ತಿದಾಗ ಬಿಗಿದಿದೆ ಎಂದೇ ತೋರಿಸಿತು.

ಸೋಮವಾರ ಬೆಳಿಗ್ಗೆ ಫೋನು ನೋಡಿ, "ನನ್ನ ತಿದ್ದುಪಡಿ ಸೇರಿಸ್ಕೊಂಡ್ರು ಅಮ್ಮಮ್ಮ" ಎಂದಷ್ಟೇ ಹೇಳಿ, ತಲೆ ಬಾಚದೆ, ಕಾಫಿ ಕುಡಿಯದೆ, ಬರಿಯ ನೆಲದ ಮೇಲೆ ನಿದ್ದೆ ಹೋದಳು. ನನಗೂ ಮಲಗಬೇಕಿತ್ತು. ಕಾಲು ಕೇಳಲಿಲ್ಲ. ಗೋಡೆ ಹಿಡಿದು ಮೆಟ್ಟಿಲಿಳಿದು ಕಂಡವರಿಗೆಲ್ಲ ತಮಿಳಿನಲ್ಲಿ ಹೇಳಿದೆ. ಯಾರಿಗೂ ತಲೆಬುಡ ತಿಳಿಯಲಿಲ್ಲ.

"ಏನು ಮಾಮಿ, ಪೇತ್ತಿಗೆ ಕಲ್ಯಾಣಮಾ?" ಎಂದಳು ಕೆಳಮನೆಯಾಕೆ, ಮೊಮ್ಮಗಳಿಗೆ ಮದುವೆಯೋ ಎಂದು.

"ಅದಕ್ಕಿಂತ ದೊಡ್ಡದು" ಎಂದು ಹೇಳಿ ಅವಳ ಮೆಟ್ಟಿಲಲ್ಲೇ ಕುಸಿದು ಕೂತೆ. ಮೇಲೆ ಹತ್ತಲು ಶಕ್ತಿ ಉಳಿದಿರಲಿಲ್ಲ.